ಒಂದು ಗೆರೆಗೆ ಒಂದೇ ವಿಷಯ

ಹುಡುಕಿಕೊಡುವುದು ನಿಮ್ಮ ಕೆಲಸ ಎಂದು ಒಮ್ಮೆ ಊರಿಗೆ ಗೊತ್ತಾಯಿತೋ, ಮುಗಿಯಿತು. ಕನ್ನಡಕದಿಂದ ಹಿಡಿದು ಕುಲದೈವದವರೆಗೆ ಎಲ್ಲವನ್ನೂ ಜನ ನಿಮ್ಮ ಹತ್ತಿರವೇ ಕೇಳುತ್ತಾರೆ. ನಾನು ಮಣಿಪಾಲದ ಒಂದು ಸಣ್ಣ ಕಚೇರಿಯಲ್ಲಿರುವವಳು. ಹಳೆಯ ವಾರಪತ್ರಿಕೆಗಳು, ಸ್ಮರಣ ಸಂಚಿಕೆಗಳು, ಸಂಘಗಳ ವರದಿಗಳು ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಕೇಳಿದವರಿಗೆ ಕೇಳಿದ್ದನ್ನು ಹುಡುಕಿ ತೆಗೆದುಕೊಡುವುದು ನಮ್ಮ ಕಸುಬು. ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬಂದು, ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಕುರ್ಚಿಗೆ ಬಿದ್ದರೆ ಯಾರಾದರೊಬ್ಬರು ಆಗಲೇ ಕಾಯುತ್ತಿರುತ್ತಾರೆ. ನಗು ಬರುವ ಪ್ರಸಂಗ ವಾರಕ್ಕೊಂದಾದರೂ ಆಗುತ್ತದೆ. ಕೆಲವಕ್ಕೆ ಅದೇ ದಿನ ನಕ್ಕಿದ್ದೇನೆ. ಕೆಲವಕ್ಕೆ ನಗು ಬರುವಾಗ ತುಂಬ ತಡವಾಗಿತ್ತು, ಮೂಗು ಒರೆಸಿಕೊಂಡು ನಗಬೇಕಾಯಿತು.

ಇವುಗಳಲ್ಲೆಲ್ಲ ಬರುವವರು ನಮ್ಮ ಮಾಸ್ಟ್ರು. ಶಾಲೆಯಲ್ಲಿ ಪಾಠ ಮಾಡಿದವರೇನೂ ಅಲ್ಲ. ನಮಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು ಬಿತ್ತು. ಕಾಪುವಿನವರು. ಉಳಿದವರೆಲ್ಲ ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತುತ್ತಾ ಹುಡುಕಿದರೆ ಇವರು ಕಪ್ಪು ಪರದೆಯ ಮೇಲೆ ಒಂದೇ ಗೆರೆಯ ಆಜ್ಞೆ ಬರೆದು ಎಂಟರ್ ಒತ್ತುತ್ತಿದ್ದರು. ಗ್ರೆಪ್ ಎಂದು ಅದಕ್ಕೆ ಹೆಸರು. ಲಕ್ಷ ಗೆರೆಗಳ ನಡುವಿನಿಂದ ಬೇಕಾದ ಗೆರೆ ಮಾತ್ರ ಎದ್ದು ಬಂದು ನಿಲ್ಲುತ್ತಿತ್ತು. ನಾನು ಆ ವಿದ್ಯೆ ಕಲಿತದ್ದು ಅವರಿಂದ, ಸಾಕಷ್ಟು ಬೈಸಿಕೊಂಡು.

೧. ದೇವರ ಹೆಸರಿನ ತಂದೆ

ನಾನು ಸೇರಿದ ಹೊಸತು. ಹೊರಗೆ ಜೋರು ಮಳೆ. ಅಂಬಲಪಾಡಿಯಿಂದ ಒಬ್ಬರು ಹಿರಿಯರು ಬಂದು, ಕೊಡೆಯನ್ನು ಬಾಗಿಲ ಮೂಲೆಯಲ್ಲಿ ನೀರಿಳಿಯಲು ಇಟ್ಟು, ನನ್ನ ಎದುರು ಕುಳಿತರು.

"ನನ್ನ ತಂದೆಯ ಬಗ್ಗೆ ಹಳೆಯ ಪೇಪರಿನಲ್ಲಿ ಎಂತಾದರೂ ಬಂದಿದ್ದರೆ ಬೇಕಿತ್ತು. ಜನಾರ್ದನ ಅಂತ ಹೆಸರು."

ನಾನು ಉತ್ಸಾಹದಿಂದ ಆ ಹೆಸರು ಕೊಟ್ಟು ಹುಡುಕಿ, ಬಂದದ್ದನ್ನೆಲ್ಲ ಮುದ್ರಣಕ್ಕೆ ಕಳುಹಿಸಿಬಿಟ್ಟೆ. ಪ್ರಿಂಟರು ನಿಲ್ಲಲೇ ಇಲ್ಲ. ಜನಾರ್ದನ ದೇವರಿಗೆ ರಂಗಪೂಜೆ, ಜನಾರ್ದನ ಸ್ವಾಮಿಗೆ ಹೂವಿನ ಅಲಂಕಾರ, ಜನಾರ್ದನ ಮಹಾಕಾಳಿ ಸನ್ನಿಧಿಯಲ್ಲಿ ಅನ್ನಸಂತರ್ಪಣೆ. ಅಂಬಲಪಾಡಿಯ ದೇವರೇ ಜನಾರ್ದನ ಎಂಬುದು ನನಗೇನು ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ. ಹಿರಿಯರು ಒಂದೊಂದೇ ಹಾಳೆ ಓದುತ್ತಾ ಹೋದರು. ಆಮೇಲೆ ಕನ್ನಡಕ ತೆಗೆದು, "ನಮ್ಮ ತಂದೆಗೆ ಇಷ್ಟು ಮರ್ಯಾದೆ ಇತ್ತಾ? ಮನೆಯಲ್ಲಿ ನಾವು ಯಾರೂ ಕೊಡಲಿಲ್ಲ" ಎಂದರು.

ಹಿಂದಿನಿಂದ ಮಾಸ್ಟ್ರು ಎದ್ದು ಬಂದರು. "ಪದ ಸಿಕ್ಕಿತು ಅಂತ ಎತ್ತಿಕೊಂಡು ಓಡುವುದಾ ಮಾರಾಯ್ತಿ? ಅದರ ಮುಂದೆ ಯಾರು ಕೂತಿದ್ದಾರೆ ನೋಡು. ದೇವರು ಕೂತಿದ್ದರೆ ಬಿಟ್ಟುಬಿಡು. ಮಹಾಕಾಳಿ ಕೂತಿದ್ದರೆ ಕೈ ಮುಗಿದು ಬಿಟ್ಟುಬಿಡು. ನೋಡುವುದು ಮಾತ್ರ, ಮುಟ್ಟಲಿಕ್ಕಿಲ್ಲ."

ಹಾಗೆ ಮುಂದೆ ಇಣುಕಿ ನೋಡಲು ಒಂದು ಗುರುತು ಉಂಟು. ಆವರಣ ತೆರೆದು, ಮೊದಲು ಪ್ರಶ್ನಾರ್ಥಕ ಚಿಹ್ನೆ, ಅದಕ್ಕೆ ತಾಗಿಯೇ ಉದ್ಗಾರ ಚಿಹ್ನೆ, ಅದರ ಮುಂದೆ ಬೇಡದ ಪದಗಳು. "ನೆನಪಿಟ್ಟುಕೊಳ್ಳುವುದು ಸುಲಭ" ಎಂದರು ಮಾಸ್ಟ್ರು. "ನಾನು ಸಂಜೆ ಮನೆಯಲ್ಲಿ ಚೀಲ ಕೆಳಗಿಟ್ಟ ಕೂಡಲೇ ನನ್ನ ಹೆಂಡತಿಯದ್ದೂ ಇದೇ ಕ್ರಮ. ಮೊದಲು ಪ್ರಶ್ನೆ, ಆಮೇಲೆ ಉದ್ಗಾರ."

ದೇವರನ್ನು ಕಳೆದ ಮೇಲೆ ಮೂರೇ ಗೆರೆ ಉಳಿಯಿತು. ಎರಡರಲ್ಲಿ ಇದ್ದವರು ಬೇರೆ ಯಾರೋ ಜನಾರ್ದನರು. ಮೂರನೆಯದು ಪ್ರಕಟಣೆ: ಅಂಬಲಪಾಡಿಯ ಜನಾರ್ದನ ಎಂಬವರ ಮರದ ಹಿಡಿಯ ಕೊಡೆ ಕಳೆದುಹೋಗಿದೆ, ಸಿಕ್ಕಿದವರು ದಯವಿಟ್ಟು ತಲುಪಿಸಬೇಕು.

ಹಿರಿಯರು ಕನ್ನಡಕ ಮತ್ತೆ ಹಾಕಿಕೊಂಡು ಅದನ್ನು ಓದಿದರು. "ಆ ಕೊಡೆ ಕಳೆದದ್ದು ನಾನು" ಎಂದರು ಕೊನೆಗೆ. "ಬಸ್ಸಿನಲ್ಲಿ ಬಿಟ್ಟು ಬಂದು, ಗೊತ್ತೇ ಇಲ್ಲ ಅಂದೆ. ತಂದೆ ತೀರಿಹೋಗುವವರೆಗೂ ಹೇಳಲಿಲ್ಲ."

ಮಾಸ್ಟ್ರು ಆ ಪ್ರಕಟಣೆಯನ್ನು ಇನ್ನೊಮ್ಮೆ ಓದಿದರು. "ಇಂಥ ದಿನದೊಳಗೆ ಅಂತ ಇದರಲ್ಲಿ ಹಾಕಲಿಲ್ಲ. ಈಗ ಹೇಳಿದರೂ ಆಗ್ತದೆ."

ಹಿರಿಯರ ಕಣ್ಣು ತುಂಬಿತು. ಒಂದೇ ಒಂದು ಹಾಳೆಯನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಹೋದರು. ಅವರು ಹೋಗಿ ಕಾಲು ಗಂಟೆಯ ಮೇಲೆ ನೋಡುತ್ತೇನೆ, ಅವರ ಕೊಡೆ ನಮ್ಮ ಬಾಗಿಲ ಮೂಲೆಯಲ್ಲೇ ಉಂಟು.

೨. ಮಹಿಳಾ ಸಂಘದ ಗಂಡಸರು

ಮುಂದೆ ನೋಡುವುದು ಕಲಿತ ಮೇಲೆ ಹಿಂದೆ ನೋಡುವ ಪಾಠ. ಒಂದು ಪದದ ಹಿಂದೆ ಇಂಥದ್ದು ಉಂಟಾ ಎಂದು ನೋಡುವುದು. ಇದ್ದರೆ ಪದವನ್ನು ಮಾತ್ರ ತರುವುದು, ಹಿಂದಿದ್ದದ್ದನ್ನು ಅಲ್ಲೇ ಬಿಟ್ಟು ಬರುವುದು. "ಅದು ಇಲ್ಲದಿದ್ದರೆ ಇದು ಸಿಗುವುದಿಲ್ಲ. ಆದರೆ ತೋರಿಸುವಾಗ ಅದನ್ನು ತೋರಿಸುವುದಿಲ್ಲ" ಎಂದು ಮಾಸ್ಟ್ರು ಹೇಳಿದರು. ಆಗ ನನಗೆ ಅದು ಬರೀ ಲೆಕ್ಕದ ಮಾತಾಗಿ ಕೇಳಿತು.

ಶಿರ್ವದಿಂದ ಒಬ್ಬರು ಅಜ್ಜಿ ಬಂದರು. ಹಿಂದೆ ಅಲ್ಲಿನ ಮಹಿಳೆಯರು ಸೇರಿ ಒಂದು ಸಂಘ ನಡೆಸುತ್ತಿದ್ದರಂತೆ. ಈಗ ಉಳಿದವರು ಒಂದು ನೆನಪಿನ ಪುಸ್ತಕ ಮಾಡುತ್ತಿದ್ದಾರೆ, ಹಳೆಯ ಸದಸ್ಯೆಯರ ಹೆಸರು ಬೇಕು. ನನಗೆ ಹೊಸ ವಿದ್ಯೆಯ ಹುಮ್ಮಸ್ಸು. ಸಂಘದ ಹಳೆಯ ಸ್ಮರಣ ಸಂಚಿಕೆಯಲ್ಲಿ, ಹಿಂದೆ 'ಶ್ರೀಮತಿ' ಎಂದಿರುವ ಹೆಸರುಗಳನ್ನೆಲ್ಲ, ಶ್ರೀಮತಿಯನ್ನು ಬಿಟ್ಟು, ಪಟ್ಟಿ ಮಾಡಿ ಕೊಟ್ಟೆ.

ಅಜ್ಜಿ ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು. "ಲಿಯೋ. ವಾಲ್ಟರ್. ಫ್ರಾನ್ಸಿಸ್. ಸಿಪ್ರಿಯನ್." ತಲೆಯೆತ್ತಿ ನನ್ನನ್ನು ನೋಡಿದರು. "ಮಗಾ, ಇದು ಗಂಡಸರ ಪಟ್ಟಿ ಅಲ್ವಾ?"

ಅವರ ಕಾಲದಲ್ಲಿ ಹೆಂಗಸರನ್ನು ಗಂಡನ ಹೆಸರಿನಿಂದಲೇ ಮುದ್ರಿಸುತ್ತಿದ್ದರು. ಶ್ರೀಮತಿ ಲಿಯೋ, ಶ್ರೀಮತಿ ವಾಲ್ಟರ್. ನಾನು ಶ್ರೀಮತಿಯನ್ನು ಕಳಚಿದೆ, ಉಳಿದದ್ದು ಗಂಡ ಮಾತ್ರ. ಇಡೀ ಸಂಚಿಕೆ ತಡಕಿದರೂ ಆ ಹೆಂಗಸರ ಸ್ವಂತ ಹೆಸರು ಒಂದೂ ಸಿಗಲಿಲ್ಲ. ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಮಾಸ್ಟ್ರು ಒಂದು ಪೆನ್ಸಿಲ್ ತಂದು ಅಜ್ಜಿಯ ಮುಂದೆ ಕುಳಿತರು. "ನೀವೇ ಹೇಳಿ, ನಾನು ಬರೆಯುತ್ತೇನೆ."

ಅಜ್ಜಿ ಒಬ್ಬೊಬ್ಬರ ಹೆಸರನ್ನೇ ನೆನಪಿನಿಂದ ಹೇಳಿದರು. ಹೇಳುವಾಗ, ಇವಳು ಹೋದಳು, ಇವಳೂ ಹೋದಳು, ಇವಳು ಇದ್ದಾಳೆ ಆದರೆ ಗುರುತು ಸಿಗುವುದಿಲ್ಲ, ಎಂದೂ ಸೇರಿಸಿದರು. ಕೊನೆಗೆ ಸಂಚಿಕೆಯ ಹಿಂದಿನ ಪುಟದಲ್ಲಿ ಒಂದು ಗೆರೆ ಕಂಡು ಅವರ ಬೆರಳು ನಿಂತಿತು: ಅಡುಗೆ ಸ್ಪರ್ಧೆ, ಪ್ರಥಮ ಬಹುಮಾನ, ಶ್ರೀಮತಿ ಸಿಪ್ರಿಯನ್. ಅದು ಅವರೇ. ಪಟ್ಟಿಯಲ್ಲಿ ಮಾತ್ರ ಸಿಪ್ರಿಯನ್ ಒಬ್ಬರೇ ನಿಂತಿದ್ದರು.

"ಹಾಗಾದರೆ ಅಡುಗೆಯಲ್ಲಿ ಬಹುಮಾನ ಬಂದದ್ದು ನಮ್ಮವರಿಗಾ!" ಎಂದರು ಅಜ್ಜಿ. "ಸಾಯುವವರೆಗೆ ಒಂದು ದಿನ ಚಾ ಮಾಡಿದ ಜನ ಅಲ್ಲ."

೩. ಬಸಳೆ ಬೇಕು, ಹರಿವೆ ಬೇಡ

ಮಾಸ್ಟ್ರ ಒಂದು ನಿಯಮ ಕಚೇರಿಯಲ್ಲಿ ಎಲ್ಲರಿಗೂ ಬಾಯಿಪಾಠ: ಒಂದು ಗೆರೆಗೆ ಒಂದೇ ವಿಷಯ. ಗ್ರೆಪ್ ಒಂದು ಸಲಕ್ಕೆ ಒಂದು ಗೆರೆಯನ್ನಷ್ಟೇ ನೋಡುತ್ತದೆ. ಹಿಂದೆ ನೋಡು ಎಂದರೂ ಆ ಗೆರೆಯೊಳಗೇ ಹಿಂದೆ, ಮುಂದೆ ನೋಡು ಎಂದರೂ ಆ ಗೆರೆಯೊಳಗೇ ಮುಂದೆ. ಮೇಲಿನ ಗೆರೆಯಲ್ಲಿ ಯಾರಿದ್ದಾರೆ ಎಂದು ಕೆಳಗಿನ ಗೆರೆಗೆ ಗೊತ್ತಿಲ್ಲ. ಆದ್ದರಿಂದ ಗೆರೆಗೊಂದು ವಿಷಯ ಬರೆದು ಎಂಟರ್ ಒತ್ತಿ, ಎನ್ನುವುದು ಅವರ ಉಪದೇಶ. ಅದು ಅವರ ಬೆರಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಕಾಗದದ ಮೇಲೆ ಬರೆಯುವಾಗಲೂ ಬಿಡುತ್ತಿರಲಿಲ್ಲ. ಒಮ್ಮೆ ರಜೆ ಅರ್ಜಿ ಹೀಗೆ ಬರೆದುಕೊಟ್ಟರು:

ಮಾನ್ಯರೇ,
ಜ್ವರ ಉಂಟು.
ನಾಳೆ ಬರುವುದಿಲ್ಲ.
ನಾಡಿದ್ದು ಬರಬಹುದು.
ಕೆಮ್ಮು ಬೇರೆ.

ನಮ್ಮ ಧಣಿಗಳು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: 'ಕವನ ಚೆನ್ನಾಗಿದೆ. ರಜೆ ಇಲ್ಲ.' ಆ ಹಾಳೆಯನ್ನು ನಾವು ಗೋಡೆಗೆ ಅಂಟಿಸಿದೆವು. ರಜೆ ಆಮೇಲೆ ಸಿಕ್ಕಿತು, ಬಿಡಿ.

ಇಷ್ಟೆಲ್ಲ ಶಿಸ್ತಿನ ಮನುಷ್ಯ ಮಾರುಕಟ್ಟೆಗೆ ಹೋದರೆ ಕೆಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಹೆಂಡತಿ ಕಾಪುವಿನಿಂದ ವಾಟ್ಸಾಪಿನಲ್ಲಿ ಸಂದೇಶ ಕಳುಹಿಸುತ್ತಿದ್ದರು. ಮನೆಯಲ್ಲಿ ಮಾತು ತುಳು, ಬರೆಯುವುದು ಕನ್ನಡ, ನಮ್ಮ ಕಡೆ ಎಲ್ಲರದ್ದೂ ಹಾಗೆಯೇ. 'ಬಸಳೆ ಬೇಕು, ಹರಿವೆ ಬೇಡ, ನಿನ್ನೆಯದೇ ಉಂಟು.' ಮಾಸ್ಟ್ರು ಫೋನನ್ನು ದೂರ ಹಿಡಿದು ಒಮ್ಮೆ ಕಣ್ಣಾಡಿಸಿ, ಕೆಳಗಿನ ತರಕಾರಿ ಅಂಗಡಿಗೆ ಇಳಿದು, ಚೀಲ ತುಂಬಿಸಿಕೊಂಡು ಬಂದು ಗೋಡೆಯ ಮೊಳೆಗೆ ತೂಗಿಸುತ್ತಿದ್ದರು. ನಾನು ಇಣುಕಿದರೆ ಚೀಲದಲ್ಲಿ ಹರಿವೆ ಸೊಪ್ಪು.

"ಮಾಸ್ಟ್ರೇ, ಅಕ್ಕ ಹರಿವೆ ಬೇಡ ಅಂದಿದ್ದಾರಲ್ಲ?"

"ಹರಿವೆ ಅಂತ ಉಂಟಲ್ಲ, ನೋಡು."

"ಅದರ ಮುಂದೆ ಬೇಡ ಅಂತ ಉಂಟು."

ಅವರು ಫೋನನ್ನು ಇನ್ನೊಮ್ಮೆ ದೂರ ಹಿಡಿದು ಓದಿದರು. ಊರಿಗೆಲ್ಲ ಮುಂದೆ ನೋಡಲು ಕಲಿಸಿದ ಮನುಷ್ಯ. "ಓ! ಮುಂದೆ ನೋಡಲಿಲ್ಲ ಮಾರಾಯ್ತಿ" ಎಂದರು.

ಇದು ಒಂದು ದಿನದ ಕಥೆಯಲ್ಲ. ಸಂದೇಶದಲ್ಲಿ ಯಾವ ತರಕಾರಿಯ ಹೆಸರಿದ್ದರೂ ಅದು ಚೀಲಕ್ಕೆ ಬರುತ್ತಿತ್ತು. ಕೊನೆಗೆ ನಾನು, "ಬೇಡದ್ದರ ಹೆಸರನ್ನೇ ಬರೆಯಬೇಡಿ ಅಂತ ಅಕ್ಕನಿಗೆ ಹೇಳಿ" ಎಂದೆ. ಹೇಳಿದರಂತೆ. ಮರುದಿನ ಸಂದೇಶ ಬಂತು: 'ಬಸಳೆ ಬೇಕು. ಅದು ಬೇಡ.' ಮಾಸ್ಟ್ರು ಅರ್ಧ ಗಂಟೆ ತಲೆ ಕೆರೆದುಕೊಂಡು, 'ಅದು' ಯಾವುದು ಎಂದು ನೆನಪಾಗದೆ, ಇರಲಿ ಎಂದು ಹರಿವೆಯನ್ನೇ ತಂದರು.

೪. ಪಾಸ್‌ವರ್ಡ್

ಇದನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ, ಬೇಗ ಬರೆದು ಮುಗಿಸುತ್ತೇನೆ. ಒಂದು ಬುಧವಾರ ಮಧ್ಯಾಹ್ನ ಮಾಸ್ಟ್ರು ಚೀಲ ತುಂಬಿಸಿಕೊಂಡು ಬಂದು ಮೊಳೆಗೆ ತೂಗಿಸಿದರು. ಮುಗುಳ್ನಗುತ್ತಾ ಫೋನಿನಲ್ಲಿ ಏನೋ ಬರೆದು ಕಿಸೆಗೆ ಹಾಕಿಕೊಂಡರು. ಕುರ್ಚಿಯಲ್ಲಿ ಕುಳಿತರು. ನಾಲ್ಕು ಗಂಟೆಯ ಚಾ ಬಂದಾಗ ಕರೆದರೆ ಓಗೊಡಲಿಲ್ಲ. ಆಸ್ಪತ್ರೆ ಎಷ್ಟು ಹತ್ತಿರವಿದ್ದರೂ ಆ ದಿನ ಅದು ದೂರವೇ ಆಯಿತು. ಮಾಸ್ಟ್ರದೇ ಫೋನಿನಿಂದ ಕಾಪುವಿಗೆ ಕರೆ ಮಾಡಿದವಳು ನಾನು. ವಾಟ್ಸಾಪ್ ಕರೆ ಹೋಗಲಿಲ್ಲ, ಸಾಮಾನ್ಯ ಕರೆ ಹೋಯಿತು. ಅಕ್ಕ "ಹಲೋ" ಎಂದ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. ಗಂಡನೇ ಮಾಡಿದ್ದೆಂದು ತಿಳಿದಿದ್ದರು.

ಮೂರನೇ ದಿನ ಕಚೇರಿಯಲ್ಲಿ ವಾಸನೆ ಬಂತು. ಮೊಳೆಯ ಮೇಲಿನ ಚೀಲ. ತೆಗೆದು ಸುರಿದವಳೂ ನಾನೇ. ಬಸಳೆ ಕರಗಿ ಹೋಗಿತ್ತು, ಹರಿವೆಯ ದಂಟು ಮಾತ್ರ ಇನ್ನೂ ಗಟ್ಟಿಯಾಗಿತ್ತು. ಹಿತ್ತಲಿನಲ್ಲಿ ನಿಂತು ಅತ್ತೆ.

ಒಂದು ವಾರ ಅವರ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಕೆಲಸ ನಿಂತಿತು, ಅವರು ಬರೆದಿಟ್ಟ ಆಜ್ಞೆಗಳೆಲ್ಲ ಅದರೊಳಗೆ. ತೆರೆದರೆ ಪಾಸ್‌ವರ್ಡ್ ಕೇಳಿತು. ಧಣಿಗಳು ಅವರ ಊರಿನ ಹೆಸರು ಹಾಕಿದರು, ಆಗಲಿಲ್ಲ. ಟೈಪಿಂಗ್ ಮಾಡುವವಳು ಬಸಳೆ ಎಂದು ಹಾಕಿದಳು. ನಾನು ಹರಿವೆ ಎಂದು ಹಾಕಿದೆ. ಉಡುಪಿಯಿಂದ ರಿಪೇರಿಯವರನ್ನು ಕರೆಸಿದೆವು. ಅವರು ತಮ್ಮ ಸಾಮಾನಿನ ಚೀಲ ತೆರೆಯುವ ಮೊದಲು, "ಬರೀ ಎಂಟರ್ ಒತ್ತಿ ನೋಡಿದಿರಾ?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ.

ಒತ್ತಿದರು. ತೆರೆಯಿತು. ನಾವು ಐದು ಜನ ನಕ್ಕೆವು, ನಗುತ್ತಾ ನಗುತ್ತಾ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ಕಿಟಕಿಗಳ ಹತ್ತಿರ ಹೋಗಿ ನಿಂತೆವು. ರಿಪೇರಿಯವರು, "ಇದಕ್ಕೆಲ್ಲ ಅಳುವವರನ್ನು ಇವತ್ತೇ ನೋಡಿದ್ದು" ಎಂದರು.

೫. ಇವರು

ಮೂರು ವಾರದ ಮೇಲೆ ಅಕ್ಕ ಫೋನ್ ಮಾಡಿ ಭಾನುವಾರ ಬರಬಹುದಾ ಎಂದು ಕೇಳಿದರು. ಕಾರ್ಕಳದಿಂದ ಉಡುಪಿಗೆ ಬಂದು, ಅಲ್ಲಿಂದ ಕಾಪು ಬಸ್ಸು ಹಿಡಿದು ಹೋದೆ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆ. ಚಾವಡಿಯಲ್ಲಿ ಮಾಸ್ಟ್ರ ಫೋಟೋಕ್ಕೆ ಮಲ್ಲಿಗೆ. ಅಕ್ಕ ಚಾ ಕೊಟ್ಟು, ಒಳಗೆ ಹೋಗಿ, ಕಪಾಟಿನ ಸೀರೆಗಳ ನಡುವಿನಿಂದ ಒಂದು ಫೋನು ತಂದರು. ಅಕ್ಕನದೇ ಫೋನು.

"ಆ ದಿನದಿಂದ ಇದನ್ನು ತೆಗೆಯಲಿಲ್ಲ. ಈಗ ಮಾತಾಡುವುದು ಒಂದು ಹಳೆಯ ಸಣ್ಣ ಫೋನಿನಲ್ಲಿ. ನಿನ್ನಿಂದ ಒಂದು ಕೆಲಸ ಆಗಬೇಕು. ಇವರು ನನಗೆ ಬರೆದದ್ದೆಲ್ಲ ಇದರಲ್ಲಿ ಉಂಟು. ಅದನ್ನು ಮಾತ್ರ ತೆಗೆದುಕೊಡು. ನನ್ನದು ಬೇಡ. ನನ್ನದು ಒಂದು ಅಕ್ಷರ ಸಹ ಬೇಡ."

ಯಾಕೆ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಆ ಬುಧವಾರದ ಹಿಂದಿನ ದಿನವೂ ಹರಿವೆ ಬಂದಿತ್ತಂತೆ, ಅದರ ಹಿಂದಿನ ದಿನವೂ. ಮಧ್ಯಾಹ್ನ ಸಿಟ್ಟಿನಲ್ಲಿ ಏನೋ ಬರೆದು ಕಳುಹಿಸಿ, ಇಂಟರ್ನೆಟ್ ಆರಿಸಿ, ಫೋನನ್ನು ಅಕ್ಕಿ ಡಬ್ಬದ ಮೇಲೆ ಎಸೆದು ಮಲಗಿದ್ದರು. ಎದ್ದದ್ದು ನನ್ನ ಕರೆಗೆ. "ಅವರು ಅದನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ನಾನು ಬರೆದದ್ದನ್ನು ನನ್ನ ಕಣ್ಣಿನಿಂದ ನೋಡಲಿಕ್ಕೆ ಆಗುವುದಿಲ್ಲ. ಇವರ ಮಾತು ಮಾತ್ರ ಬೇಕು."

ಫೋನನ್ನು ಚಾರ್ಜಿಗೆ ಹಾಕಿ ಹೊತ್ತಿಸಿ, ಇಂಟರ್ನೆಟ್ ಹಾಕಿದೆವು. ಮೂರು ವಾರದ ಸಂತಾಪಗಳೆಲ್ಲ ಒಟ್ಟಿಗೆ ಟಿಣ್ ಟಿಣ್ ಎಂದು ಸುರಿದವು. ಅಕ್ಕ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಮಾತುಕತೆಯನ್ನು ಪೂರ್ತಿ ಒಂದು ಕಡತ ಮಾಡಿ ನನಗೆ ಕಳುಹಿಸಿಕೊಳ್ಳಬೇಕಿತ್ತು.

"ಅಕ್ಕ, ಮಾಸ್ಟ್ರ ನಂಬರು ಯಾವ ಹೆಸರಿನಲ್ಲಿ ಉಂಟು?"

ಒಳಗಿನಿಂದ ಉತ್ತರ ಇಲ್ಲ. ಇನ್ನೊಮ್ಮೆ ಕೇಳಿದೆ. ಬಾಗಿಲಲ್ಲಿ ನಿಂತು ಸೆರಗಿನ ಅಂಚು ತಿರುವಿದರು. "ಹೆಸರು ನಾನು ಹೇಳುವುದುಂಟಾ?"

"ಹೇಳುವುದು ಬೇಡ, ಬರೆದದ್ದು ಹೇಗೆ?"

"ಇವರು."

ಹುಡುಕಿದೆ. ಹೌದು, ಆ ಫೋನಿನಲ್ಲಿ ಮಾಸ್ಟ್ರ ಹೆಸರೇ 'ಇವರು'.

ಸೋಮವಾರ ಮಾಸ್ಟ್ರದೇ ಕುರ್ಚಿಯಲ್ಲಿ ಕುಳಿತು, ಮಾಸ್ಟ್ರು ಕಲಿಸಿದ್ದನ್ನೇ ಬರೆದೆ:

(?<=ಇವರು: ).*

ಹಿಂದೆ 'ಇವರು' ಇದ್ದರೆ ಮುಂದಿನ ಮಾತನ್ನೆಲ್ಲ ತಾ, ಆ 'ಇವರು' ಮಾತ್ರ ಅಲ್ಲೇ ಇರಲಿ, ಎಂದು ಇದರ ಅರ್ಥ. ಅಕ್ಕ ಬರೆದದ್ದರ ಹಿಂದೆ ಅಕ್ಕನ ಹೆಸರು ಇರುತ್ತದೆ, ಅದು ಬರುವುದಿಲ್ಲ. ಗಂಡ ಹೆಂಡಿರ ಮಾತು, ನಾನು ಓದಬಾರದು ಎಂದು ಕಡತವನ್ನು ತೆರೆಯಲೇ ಇಲ್ಲ. ಬಂದದ್ದನ್ನು ನೇರ ಮುದ್ರಣಕ್ಕೆ ಕಳುಹಿಸಿದೆ. ಹಾಳೆಗಳನ್ನು ಜೋಡಿಸುವಾಗ ಮಾತ್ರ ಕಣ್ಣಿಗೆ ಬಿದ್ದೇ ಬಿತ್ತು.

ಸರಿ.
ಸರಿ.
ಹೊರಟೆ.
ಸರಿ.
ಸರಿ.
ಸರಿ.
ಬಸ್ಸು ಸಿಕ್ಕಿತು.
ಸರಿ.

ಪುಟಗಟ್ಟಲೆ ಹೀಗೆಯೇ. ನಾನು ಒಬ್ಬಳೇ ನಕ್ಕೆ. ಅಕ್ಕನಿಗೂ ನಗು ಬರುತ್ತದೆ, ಇಷ್ಟು ದಿನದ ಮೇಲೆ ಒಮ್ಮೆ ನಗಲಿ ಎಂದುಕೊಂಡು ಮುಂದಿನ ಭಾನುವಾರ ಕೊಂಡುಹೋದೆ. ನನ್ನ ಬುದ್ಧಿಗೆ ಏನು ಹೇಳಬೇಕು!

ಅಕ್ಕ ಚಾವಡಿಯಲ್ಲಿ ಕುಳಿತು ಎಲ್ಲ ಪುಟಗಳನ್ನೂ ಓದಿದರು. ಮೊದಲಿಗೆ ತುಟಿಯಲ್ಲಿ ಸ್ವಲ್ಪ ನಗು ಇತ್ತು. "ಇಷ್ಟೇನಾ ಹೇಳಿದ್ದು ಇವರು, ಇಷ್ಟು ವರ್ಷ?" ಎಂದರು. ಕೊನೆಯ ಪುಟದ ಕೊನೆಯ ಗೆರೆಗೆ ಬಂದರು. ಅದೂ 'ಸರಿ'. ಬೆರಳು ಅಲ್ಲೇ ನಿಂತಿತು.

"ಹಾಗಾದರೆ ಓದಿದ್ದಾರೆ."

"ಏನು ಬರೆದಿದ್ದಿರಿ ಅಕ್ಕ?"

"ಇನ್ನು ಮುಂದೆ ಈ ಮನೆಗೆ ನೀವು ಎಂತದೂ ತರುವುದು ಬೇಡ ಅಂತ ಬರೆದಿದ್ದೆ." ಅವರ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "ಇವರು ಸರಿ ಅಂದರು. ಹೋದರು."

ನಾನು ಏನೇನೋ ಹೇಳಿದೆ, ಯಾವುದೂ ಅವರಿಗೆ ಕೇಳಿಸಲಿಲ್ಲ. ಹಾಳೆಗಳನ್ನು ಮಡಚಿ ಫೋಟೋದ ಕೆಳಗೆ ಇಟ್ಟು ಒಳಗೆ ಹೋದರು. ವಾಪಸು ಬಸ್ಸಿನಲ್ಲಿ ಕಾರ್ಕಳದವರೆಗೆ ನನ್ನನ್ನೇ ಬೈದುಕೊಂಡೆ. ಒಂದು ಸಾವು ಸಾಲದು ಎಂದು ಆ ಹೆಂಗಸಿನ ಕೈಗೆ ಅದನ್ನು ಮುದ್ರಿಸಿ ಬೇರೆ ಕೊಟ್ಟು ಬಂದವಳು ನಾನು.

ಸೋಮವಾರ ಕೆಲಸಕ್ಕೆ ಕೈ ಹೋಗಲಿಲ್ಲ. ಸುಮ್ಮನೆ ಗೋಡೆ ನೋಡುತ್ತಾ ಕುಳಿತೆ. ಗೋಡೆಯಲ್ಲಿ ಮಾಸ್ಟ್ರ ರಜೆ ಅರ್ಜಿ. ಜ್ವರ ಉಂಟು. ನಾಳೆ ಬರುವುದಿಲ್ಲ. ನಾಡಿದ್ದು ಬರಬಹುದು. ಕೆಮ್ಮು ಬೇರೆ. ಗೆರೆಗೊಂದು ವಿಷಯ.

ಎದ್ದು ನಿಂತುಬಿಟ್ಟೆ. ಫೋನಿನಲ್ಲಿ ಮಾತ್ರ ಆ ಮನುಷ್ಯ ಬೇರೆ ತರಹ ಬರೆಯುತ್ತಿದ್ದರಾ? ಮೊದಲ ಗೆರೆ 'ಸರಿ', ಎಂಟರ್, ಆಮೇಲೆ ಹೇಳುವುದಿದ್ದದ್ದು. ಕಡತದಲ್ಲಿ 'ಇವರು' ಎಂದು ಬೀಳುವುದು ಸಂದೇಶದ ಮೊದಲ ಗೆರೆಗೆ ಮಾತ್ರ. ಎರಡನೇ ಗೆರೆಯ ಹಿಂದೆ ಯಾರ ಹೆಸರೂ ಇಲ್ಲ. ಹಿಂದೆ ಇವರು ಉಂಟಾ ಎಂದು ಕೇಳಿದವಳಿಗೆ ಆ ಗೆರೆಗಳು ಸಿಗುವುದು ಹೇಗೆ? ಆ ಮನುಷ್ಯನ ಮಾತನ್ನೆಲ್ಲ ಕತ್ತರಿಸಿ, ಬರೀ ತಲೆಯಾಡಿಸಿದ್ದನ್ನು ಅಕ್ಕನಿಗೆ ಕೊಟ್ಟು ಬಂದಿದ್ದೆ.

ಮೊದಲ ಸಲ ಕಡತ ತೆರೆದೆ. ನೇರ ಕೊನೆಗೆ ಹೋದೆ. ಓದಿದೆ. ಕಣ್ಣು ಮಂಜಾಗಿ ಎರಡನೇ ಸಲ ಓದಿದೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಧಣಿಗಳಿಗೆ ಬರೆದುಕೊಟ್ಟೆ:

ಮಾನ್ಯರೇ,
ಕಾಪುವಿಗೆ ಹೋಗಬೇಕು.
ಈಗಲೇ ಹೋಗಬೇಕು.
ತಪ್ಪು ನನ್ನದು.

ಅವರು ಹಾಳೆಯನ್ನೂ ಗೋಡೆಯನ್ನೂ ನೋಡಿ, ಸಹಿ ಹಾಕಿದರು.

ಮಧ್ಯಾಹ್ನದ ಬಿಸಿಲಿನಲ್ಲಿ ನನ್ನನ್ನು ಕಂಡು ಅಕ್ಕ ಗಾಬರಿಯಾದರು. "ಅಕ್ಕ, ಮಾಸ್ಟ್ರ ಮಾತು ಪೂರ್ತಿ ಬಂದಿರಲಿಲ್ಲ. ಇದರಲ್ಲಿ ಉಂಟು. ಆದರೆ ನಿಮ್ಮದೂ ಉಂಟು" ಎಂದು ಹಾಳೆ ಚಾಚಿದೆ. ಅವರು ಕೈ ಹಿಂದೆ ತೆಗೆದುಕೊಂಡರು.

"ನನ್ನದು ಬೇಡ ಅಂದೆನಲ್ಲ."

"ನಿಮ್ಮದು ಓದದಿದ್ದರೆ ಅವರದ್ದು ಅರ್ಥ ಆಗುವುದಿಲ್ಲ."

ಅಕ್ಕ ಗೋಡೆಗೆ ಮುಖ ಮಾಡಿ ಕುಳಿತರು. "ನೀನೇ ಓದು."

ಅವರ ಗೆರೆಯನ್ನು ಎಷ್ಟು ಮೆಲ್ಲಗೆ ಓದಲು ಸಾಧ್ಯವೋ ಅಷ್ಟು ಮೆಲ್ಲಗೆ ಓದಿದೆ. ಬಸಳೆ ತನ್ನಿ ಎಂದರೆ ಎರಡು ದಿನದಿಂದ ಹರಿವೆ ತರುತ್ತಿದ್ದೀರಿ, ನಿಮಗೆ ಹೇಳಿ ಪ್ರಯೋಜನ ಇಲ್ಲ, ಇನ್ನು ಮುಂದೆ ಈ ಮನೆಗೆ ಎಂತದೂ ತರುವುದು ಬೇಡ. ಅಕ್ಕನ ಬೆನ್ನು ಕುಗ್ಗಿತು. ಆಮೇಲೆ ಮಾಸ್ಟ್ರದ್ದು ಓದಿದೆ, ಗೆರೆ ಗೆರೆಗೂ ನಿಂತು:

ಸರಿ.
ಬಸಳೆ ಸಿಕ್ಕಿತು.
ಹರಿವೆಯೂ ತೆಗೆದುಕೊಂಡೆ.
ನಿನಗೆ ಬೈಯಲಿಕ್ಕೆ ಎಂತಾದರೂ ಬೇಕಲ್ಲ.

ಅಕ್ಕ ತಿರುಗದೆಯೇ ಕೇಳಿದರು. "ಆ ಚೀಲ ಎಲ್ಲಿ?"

"ಆಫೀಸಿನಲ್ಲೇ ಇತ್ತು ಅಕ್ಕ. ಸೊಪ್ಪು ಹಾಳಾಗಿತ್ತು, ನಾನೇ ಬಿಸಾಡಿದೆ."

"ನೋಡಿದ್ದೀಯಲ್ಲ? ಹರಿವೆ ಎಳೆಯದಾ?"

ಸುಳ್ಳು ಹೇಳಬೇಕು ಎಂದು ಒಮ್ಮೆ ಅನಿಸಿತು. ಹೇಳಲಿಲ್ಲ. "ಇಲ್ಲ ಅಕ್ಕ. ಬಲಿತದ್ದು. ದಂಟು ನನ್ನ ಹೆಬ್ಬೆರಳಿಗಿಂತ ದಪ್ಪ ಇತ್ತು. ಬರೀ ನಾರು."

ಅಕ್ಕ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಫೋಟೋದ ಎದುರು ಹೋಗಿ ನಿಂತರು. "ಬಲಿತದ್ದಾ? ಎಷ್ಟು ಸಲ ಹೇಳಿದ್ದೇನೆ, ಉಗುರು ತಾಗಿಸಿ ನೋಡಿ ತನ್ನಿ ಅಂತ! ಅಂಗಡಿಯವ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುವುದಾ? ಬೈಯಲಿಕ್ಕೆ ತಂದದ್ದಂತೆ, ಅದಾದರೂ ಒಳ್ಳೆಯದು ನೋಡಿ ತರಲಿಕ್ಕೆ ಆಗಲಿಲ್ಲವಾ ನಿಮಗೆ?" ಆಮೇಲೆ ಮಾತು ತುಳುವಿಗೆ ಹೊರಳಿತು. ಒಂದು ತಿಂಗಳಿನಿಂದ ಬಾಯಿ ಕಟ್ಟಿಕೊಂಡಿದ್ದ ಹೆಂಗಸು ಬೈದರು, ಬೈದರು, ಕಣ್ಣೀರು ಧಾರೆ ಧಾರೆಯಾಗಿ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಬೈದರು. ಮಾಸ್ಟ್ರು ಮಲ್ಲಿಗೆಯ ನಡುವಿನಿಂದ ಎಂದಿನ ಹಾಗೆ ಕೇಳಿಸಿಕೊಂಡರು.

ಎಲ್ಲ ಮುಗಿದ ಮೇಲೆ ಮುಖ ತೊಳೆದು ಬಂದು ನನ್ನ ಪಕ್ಕ ಕುಳಿತರು. ಫೋಟೋದ ಕೆಳಗಿಟ್ಟಿದ್ದ ಆ ಹಳೆಯ ಹಾಳೆಗಳನ್ನು ಎಳೆದು ನನ್ನ ಮಡಿಲಿಗೆ ಹಾಕಿದರು.

"ಇದನ್ನು ಕೊಂಡುಹೋಗು. ನನ್ನದೂ ಸೇರಿಸಿ ಎಲ್ಲ ಪ್ರಿಂಟ್ ಮಾಡಿ ತಾ, ಒಂದು ಅಕ್ಷರ ಸಹ ಬಿಡಬೇಡ. ಇವರ ಸರಿ ಸರಿ ಮಾತ್ರ ಇದ್ದರೆ, ಓದಿದವರು ಇವರೇ ಪಾಪ ಅಂದುಕೊಂಡಾರು."